ಸಾವಿರ ಗಜದಾಚೆ ಗುಂಡು ಎಲ್ಲಿ ಬಿತ್ತು? ಎಲೆಕ್ಟ್ರಾನಿಕ್ ಟಾರ್ಗೆಟ್ ಕಲಿಸುವುದೇನು, ಮರೆಸುವುದೇನು

1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕದ ತಂಡಗಳು ರೈಫಲ್ ಪಂದ್ಯಕ್ಕೆ ಇಳಿದವು. ದೂರ 800, 900 ಮತ್ತು 1000 ಗಜ. ಅಮೆರಿಕ 934 ಅಂಕ ಗಳಿಸಿತು, ಐರ್ಲೆಂಡ್ 931. ಐರಿಷ್ ತಂಡದ ಮಿಲ್ನರ್ ಎಂಬವರು ಹೊಡೆದ ಒಂದು ಗುಂಡು ಸರಿಯಾಗಿ ನಡುಮಧ್ಯಕ್ಕೇ ಹೋಗಿತ್ತು, ಆದರೆ ಪಕ್ಕದವರ ಹಲಗೆಯ ನಡುಮಧ್ಯಕ್ಕೆ. ನಾಲ್ಕು ಅಂಕದ ಆ ಹೊಡೆತ ಲೆಕ್ಕಕ್ಕೆ ಬರಲಿಲ್ಲ. ಬಂದಿದ್ದರೆ ಐರ್ಲೆಂಡ್ ಒಂದು ಅಂಕದಿಂದ ಗೆಲ್ಲುತ್ತಿತ್ತು.

ಬಹುದೂರದ ರೈಫಲ್ ಶೂಟಿಂಗ್‌ನಲ್ಲಿ ಗುಂಡು ಹಾರಿಸುವಷ್ಟೇ ಕಷ್ಟದ ಕೆಲಸ, ಅದು ಎಲ್ಲಿ ಬಿತ್ತೆಂದು ತಿಳಿಯುವುದು. ಸಾವಿರ ಗಜವೆಂದರೆ 914 ಮೀಟರ್. ಅಷ್ಟು ದೂರದಲ್ಲಿ ಏಳೆಂಟು ಮಿಲಿಮೀಟರ್ ಅಗಲದ ತೂತು ಒಳ್ಳೆಯ ದುರ್ಬೀನಿಗೂ ಕಾಣದು. ಹಾಗಾಗಿ ಒಂದೂವರೆ ಶತಮಾನದಿಂದ ಆ ಮಾಹಿತಿಯನ್ನು ಗುರಿಹಲಗೆಯ ಬುಡದಲ್ಲಿ ಕುಳಿತ ಮನುಷ್ಯರು ಒದಗಿಸುತ್ತ ಬಂದಿದ್ದಾರೆ. ಈಗ ಅವರ ಜಾಗಕ್ಕೆ ಮೈಕ್ರೊಫೋನುಗಳು ಬಂದಿವೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯ, ಬ್ರಿಟನ್ನಿನ ರೇಂಜುಗಳಲ್ಲಿ, ಅಂದರೆ ಗುಂಡು ಹೊಡೆಯುವ ಮೈದಾನಗಳಲ್ಲಿ, ಶೂಟರ್ ಮಲಗಿರುವ ಚಾಪೆಯ ಪಕ್ಕದಲ್ಲೇ ಒಂದು ಟ್ಯಾಬ್ಲೆಟ್ ಇರುತ್ತದೆ. ಗುಂಡು ಹಲಗೆ ದಾಟಿದ ಮರುಕ್ಷಣ ಅದರಲ್ಲಿ ಚುಕ್ಕೆ ಮೂಡುತ್ತದೆ. ಇದೇ ಎಲೆಕ್ಟ್ರಾನಿಕ್ ಟಾರ್ಗೆಟ್. ಈ ಬದಲಾವಣೆ ಕೇವಲ ಅನುಕೂಲದ ಮಾತೆಂದು ಹಲವರು ಭಾವಿಸಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಭ್ಯಾಸದ ಸ್ವರೂಪವನ್ನೇ ಇದು ಬದಲಿಸುತ್ತಿದೆ. ಆ ಬದಲಾವಣೆ ಒಳ್ಳೆಯದಾಗುತ್ತದೋ ಕೆಟ್ಟದ್ದಾಗುತ್ತದೋ ಎಂಬುದು, ಆ ಚುಕ್ಕೆಯನ್ನು ಶೂಟರ್ ಯಾವಾಗ ನೋಡುತ್ತಾನೆ ಎಂಬುದರ ಮೇಲೆ ನಿಂತಿದೆ.

ಪಿಟ್ಟಿನಲ್ಲಿ ನಡೆಯುತ್ತಿದ್ದದ್ದು

ಹಳೆಯ ಕ್ರಮ ಹೀಗೆ. ಗುರಿಹಲಗೆಗಳ ಸಾಲಿನ ಕೆಳಗೆ, ಮಣ್ಣಿನ ದಿಬ್ಬ ಮತ್ತು ಗೋಡೆಯ ಮರೆಯಲ್ಲಿ, ಒಂದು ಕಂದಕ. ಅದಕ್ಕೆ ಪಿಟ್ ಎನ್ನುತ್ತಾರೆ. ಬ್ರಿಟನ್ನಿನವರು ಬಟ್ಸ್ ಎನ್ನುವುದುಂಟು. ಹಲಗೆಯನ್ನು ಎದುರುತೂಕ ಕಟ್ಟಿದ ಚೌಕಟ್ಟಿಗೆ ಸಿಕ್ಕಿಸಿರುತ್ತಾರೆ. ಗುಂಡು ಬಂದೊಡನೆ ಕೆಳಗಿರುವವರು ಚೌಕಟ್ಟನ್ನು ಇಳಿಸಿ, ತೂತು ಹುಡುಕಿ, ಅದಕ್ಕೆ ದೂರದಿಂದ ಕಾಣುವ ಬಿಲ್ಲೆಯೊಂದನ್ನು ಚುಚ್ಚಿ, ಹಿಂದಿನ ತೂತಿಗೆ ಕಾಗದ ಅಂಟಿಸಿ, ಅಂಚಿನಲ್ಲಿ ಅಂಕದ ಗುರುತಿಟ್ಟು ಮತ್ತೆ ಮೇಲಕ್ಕೆತ್ತುತ್ತಾರೆ. ಚುರುಕಾದ ಕೈಗಳಿದ್ದರೆ ಹತ್ತು ಸೆಕೆಂಡು ಸಾಕು. ದಣಿದ ಕೈಗಳಾದರೆ ಅರ್ಧ ನಿಮಿಷ ದಾಟುತ್ತದೆ. ಸಂಬಳದ ಆಳುಗಳಿಲ್ಲದ ಕ್ಲಬ್ಬುಗಳಲ್ಲಿ ಈ ಕೆಲಸ ಶೂಟರ್‌ಗಳದ್ದೇ. ಅರ್ಧ ಜನ ಹೊಡೆಯುವಾಗ ಉಳಿದರ್ಧ ಜನ ಪಿಟ್ಟಿನಲ್ಲಿ.

ಈ ಲೆಕ್ಕದಲ್ಲಿ ಒಬ್ಬನೇ ಹೋಗಿ ಅಭ್ಯಾಸ ಮಾಡುವುದು ಸಾಧ್ಯವೇ ಇರಲಿಲ್ಲ. ಇಬ್ಬರು ಹೋದರೂ ದಿನದ ಅರ್ಧ ಪಿಟ್ಟಿಗೇ ಮೀಸಲು. ವಯಸ್ಸಾದವರಿಗೆ, ಬೆನ್ನುನೋವಿನವರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಕಂದಕದ ಮೆಟ್ಟಿಲೇ ಅಡ್ಡಿ. ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಸಂಸ್ಥೆ 2015ರಲ್ಲಿ ಅಲಬಾಮಾದ ಟ್ಯಾಲಡೀಗದಲ್ಲಿ 600 ಗಜದವರೆಗಿನ ಹೊಸ ರೇಂಜ್ ತೆರೆದಾಗ ಪಿಟ್ಟಿನ ಕೆಲಸವನ್ನೇ ಕೈಬಿಟ್ಟಿತು. ನಾರ್ವೆಯ ಕೋಂಗ್ಸ್‌ಬರ್ಗ್ ಕಂಪನಿಯ ಎಲೆಕ್ಟ್ರಾನಿಕ್ ಟಾರ್ಗೆಟ್‌ಗಳನ್ನು ಹಾಕಿಸಿತು. ಅದೇ ಸಂಸ್ಥೆ ಓಹಾಯೋದ ಕ್ಯಾಂಪ್ ಪೆರಿಯಲ್ಲಿ, 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆಯುವ ಈರಿ ಸರೋವರದ ದಂಡೆಯಲ್ಲಿ, ಒಂದು ರೇಂಜಿಗೆ ಇಂಥದೇ ವ್ಯವಸ್ಥೆ ಮಾಡಿತು. ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಈ ಸಲಕರಣೆಯನ್ನು ಸಣ್ಣ ಕ್ಲಬ್ಬುಗಳ ಕೈಗಿತ್ತವು ಕೆನಡಾದ ಸಿಲ್ವರ್ ಮೌಂಟನ್ ಮತ್ತು ಶಾಟ್‌ಮಾರ್ಕರ್ ಎಂಬ ಎರಡು ಟಾರ್ಗೆಟ್ ವ್ಯವಸ್ಥೆಗಳು. ಈಗ ಒಬ್ಬ ಉತ್ಸಾಹಿ ಶೂಟರ್ ಕೂಡ ತನ್ನ ಕಾರಿನ ಡಿಕ್ಕಿಯಲ್ಲಿ ಟಾರ್ಗೆಟ್ ವ್ಯವಸ್ಥೆಯನ್ನು ಹಾಕಿಕೊಂಡು ಹೋಗಬಹುದು.

ಪಿಟ್ ಹೋದದ್ದರಿಂದ ಕಳೆದುಹೋದದ್ದೂ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. ಹೊಸಬರು ಕಲಿಯುತ್ತಿದ್ದದ್ದು ಅಲ್ಲೇ. ತಲೆಯ ಮೇಲೆ ಗುಂಡು ಚಟಾರೆಂದು ಹಾದುಹೋಗಿ, ಹೆಚ್ಚುಕಡಿಮೆ ಒಂದು ಸೆಕೆಂಡು ಕಳೆದ ಮೇಲೆ ದೂರದಿಂದ ರೈಫಲಿನ ಢಮ್ ಎಂಬ ಸದ್ದು ಕೇಳಿದಾಗ, ಗುಂಡು ಶಬ್ದಕ್ಕಿಂತ ಮುಂದಿದೆ ಎಂಬ ಪಾಠ ಪುಸ್ತಕವಿಲ್ಲದೆ ತಲೆಗೆ ಹತ್ತುತ್ತಿತ್ತು. ಒಳ್ಳೆಯ ಶೂಟರ್ ಒಬ್ಬನ ಇಪ್ಪತ್ತು ತೂತುಗಳು ಗಾಳಿ ತಿರುಗಿದಂತೆ ಹೇಗೆ ಅಡ್ಡಕ್ಕೆ ಹರಡುತ್ತವೆ, ಮೇಲೆ-ಕೆಳಗೆ ಹೇಗೆ ಬಿಗಿಯಾಗಿ ನಿಲ್ಲುತ್ತವೆ ಎಂಬುದನ್ನು ಅಂಗೈಯಷ್ಟು ಹತ್ತಿರದಿಂದ ನೋಡುವ ಅವಕಾಶ ಅಲ್ಲಿತ್ತು. ಹಿರಿಯರ ಮಾತೂ ಅಲ್ಲೇ ಸಿಗುತ್ತಿತ್ತು.

ಸದ್ದಿನಿಂದ ಸ್ಥಾನ

ನೀರಿನಲ್ಲಿ ವೇಗವಾಗಿ ಹೋಗುವ ದೋಣಿ ತನ್ನ ಹಿಂದೆ ಇಬ್ಬದಿಗೂ ಚಾಚಿಕೊಂಡ ಅಲೆ ಎಬ್ಬಿಸುವಂತೆ, ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಗಾಳಿಯಲ್ಲಿ ಶಂಕುವಿನಾಕಾರದ ಆಘಾತ ತರಂಗವೊಂದನ್ನು ಎಳೆದುಕೊಂಡು ಬರುತ್ತದೆ. ಹಲಗೆಯ ಸಮತಲಕ್ಕೆ ಆ ಶಂಕು ತಾಗಿದಾಗ ಅದು ಹಿಗ್ಗುತ್ತ ಹೋಗುವ ವೃತ್ತವಾಗುತ್ತದೆ. ವೃತ್ತದ ಕೇಂದ್ರವೇ ಗುಂಡು ಹಾದ ಜಾಗ. ಚೌಕಟ್ಟಿನ ನಾಲ್ಕು ಮೂಲೆಯ ಮೈಕ್ರೊಫೋನುಗಳಿಗೆ ಆ ತರಂಗ ಒಂದೇ ಸಲಕ್ಕೆ ಮುಟ್ಟುವುದಿಲ್ಲ. ಯಾವುದಕ್ಕೆ ಮೊದಲು, ಯಾವುದಕ್ಕೆ ಎಷ್ಟು ಮೈಕ್ರೊಸೆಕೆಂಡ್ ತಡವಾಗಿ ಎಂಬ ವ್ಯತ್ಯಾಸದಿಂದ ಕಂಪ್ಯೂಟರ್ ಕೇಂದ್ರವನ್ನು ಲೆಕ್ಕ ಹಾಕುತ್ತದೆ. ಫಲಿತಾಂಶ ರೇಡಿಯೊ ಮೂಲಕ ಶೂಟರ್ ಬಳಿಗೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಟಾರ್ಗೆಟ್ ತೂತನ್ನು ನೋಡುವುದಿಲ್ಲ, ಸದ್ದನ್ನು ಕೇಳಿ ತೂತಿನ ಜಾಗವನ್ನು ಊಹಿಸುತ್ತದೆ. ಆ ಊಹೆ ಬಹಳ ಒಳ್ಳೆಯ ಊಹೆ, ಆದರೂ ಅದರ ಅಡಿಗಲ್ಲು ಶಬ್ದದ ವೇಗ. ಶಬ್ದದ ವೇಗ ಉಷ್ಣಾಂಶದೊಂದಿಗೆ ಬದಲಾಗುತ್ತದೆ: 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, 35 ಡಿಗ್ರಿಯಲ್ಲಿ ಸುಮಾರು 352. ಬೆಳಗಿನ ಚಳಿಯ ಅಂಕಿಯನ್ನೇ ಹಿಡಿದುಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಲೆಕ್ಕ ಹಾಕಿದರೆ ಸುಮಾರು ಮೂರೂವರೆ ಪ್ರತಿಶತ ತಪ್ಪಾಗುತ್ತದೆ. ನಡುಮಧ್ಯದ ಹೊಡೆತಕ್ಕೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ನಾಲ್ಕೂ ಮೂಲೆ ಸಮದೂರ. ಇಪ್ಪತ್ತು ಇಂಚು ಆಚೆ ಬಿದ್ದ ಹೊಡೆತ ಮಾತ್ರ ಮುಕ್ಕಾಲು ಇಂಚಿನಷ್ಟು ಸರಿದು ಕಾಣಬಹುದು. ಆದ್ದರಿಂದಲೇ ಒಳ್ಳೆಯ ವ್ಯವಸ್ಥೆಗಳು ಚೌಕಟ್ಟಿನಲ್ಲೇ ಉಷ್ಣಾಂಶ ಅಳೆಯುತ್ತವೆ.

ಗಾಳಿ ಇನ್ನೊಂದು ತಲೆನೋವು. ತೆರೆದ ಚೌಕಟ್ಟಿನಲ್ಲಿ ಸದ್ದು ಮೈಕ್ರೊಫೋನಿನತ್ತ ಒಂದು ಮೀಟರ್ ಸಾಗುವಷ್ಟರಲ್ಲಿ ಮೂರು ಮಿಲಿಸೆಕೆಂಡ್ ಹತ್ತಿರ ಕಳೆಯುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಅಡ್ಡಗಾಳಿ ಅಷ್ಟರಲ್ಲಿ ಆ ಸದ್ದಿನ ವೃತ್ತವನ್ನು ಒಂದೂವರೆ ಸೆಂಟಿಮೀಟರಿನವರೆಗೆ ಪಕ್ಕಕ್ಕೆ ಒಯ್ಯಬಲ್ಲದು. ಅಂಕದ ಗೆರೆಯ ಮೇಲೆ ಕುಳಿತ ಹೊಡೆತಕ್ಕೆ ಅಷ್ಟು ಸಾಕು. ಮುಂದೆಯೂ ಹಿಂದೆಯೂ ರಬ್ಬರ್ ಹಾಳೆ ಬಿಗಿದು ಒಳಗಿನ ಗಾಳಿಯನ್ನು ನಿಶ್ಚಲವಾಗಿಸಿದ ಮುಚ್ಚಿದ ಪೆಟ್ಟಿಗೆಯಂಥ ಟಾರ್ಗೆಟ್‌ಗಳಿಗೆ ಈ ಕಾಟವಿಲ್ಲ. ಆದರೆ ಅವು ಭಾರ, ದುಬಾರಿ, ಮತ್ತು ರಬ್ಬರನ್ನು ಆಗಾಗ ಬದಲಿಸಬೇಕು.

ಎಲ್ಲಕ್ಕಿಂತ ದೊಡ್ಡ ಮಿತಿ ಇರುವುದು ಗುಂಡಿನ ವೇಗದಲ್ಲಿ. ಬಹುದೂರದ ಸಾಂಪ್ರದಾಯಿಕ ಸ್ಪರ್ಧೆಗಳಲ್ಲಿ ಬಳಸುವ .308 (ಇಂಚಿನಲ್ಲಿ ಗುಂಡಿನ ಅಗಲ) ರೈಫಲಿನ 155 ಗ್ರೇನ್, ಅಂದರೆ ಸುಮಾರು 10 ಗ್ರಾಂ ತೂಕದ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 2950 ಅಡಿ ವೇಗದಲ್ಲಿ ಹೊರಡುತ್ತದೆ. ಸಾವಿರ ಗಜ ತಲುಪುವಷ್ಟರಲ್ಲಿ ಅದು 1200-1300 ಅಡಿಗೆ ಇಳಿದಿರುತ್ತದೆ. ಶಬ್ದದ ವೇಗ ಸುಮಾರು 1125 ಅಡಿ. ಅಂದರೆ ಗುಂಡು ಶಬ್ದವನ್ನು ಕೇವಲ ಕೂದಲೆಳೆಯಷ್ಟು ಮೀರಿದೆ. ಈ ಅಂಚಿನಲ್ಲಿ ಹಲಗೆಯ ಮೇಲಿನ ವೃತ್ತ ಹಿಗ್ಗುವ ವೇಗ ವಿಪರೀತ ಬದಲಾಗುತ್ತದೆ: ಗುಂಡಿನ ವೇಗ ಶಬ್ದದ ಎರಡೂವರೆ ಪಟ್ಟಿದ್ದಾಗ ವೃತ್ತ ಶಬ್ದಕ್ಕಿಂತ ಶೇಕಡಾ 9ರಷ್ಟು ಹೆಚ್ಚು ವೇಗದಲ್ಲಿ ಹಿಗ್ಗಿದರೆ, 1.1 ಪಟ್ಟಿಗೆ ಇಳಿದಾಗ ಅದು ಶಬ್ದದ ಎರಡು ಪಟ್ಟನ್ನೂ ದಾಟುತ್ತದೆ. ಗುಂಡಿನ ವೇಗವನ್ನು ತಿಳಿಯದೆ ಸ್ಥಾನ ಹೇಳಹೊರಟರೆ ಇಲ್ಲಿ ತಪ್ಪು ಹೆಚ್ಚುತ್ತದೆ. ಶಾಟ್‌ಮಾರ್ಕರ್ ನಾಲ್ಕರ ಬದಲು ಎಂಟು ಮೈಕ್ರೊಫೋನು ಇಟ್ಟದ್ದರ ಲಾಭ ಇದೇ. ಹಿಂದುಮುಂದಾಗಿ ಇಟ್ಟ ಜೋಡಿಗಳಿಂದ ಗುಂಡಿನ ವೇಗವನ್ನೂ ಅದು ಬಂದ ಕೋನವನ್ನೂ ಅಳೆಯಬಹುದು. ಗುಂಡು ಶಬ್ದಕ್ಕಿಂತ ನಿಧಾನವಾಗಿಯೇ ಬಿಟ್ಟರೆ ತೆರೆದ ಚೌಕಟ್ಟಿನ ಟಾರ್ಗೆಟ್ ಏನನ್ನೂ ತೋರಿಸದೆ ಹೋಗಬಹುದು. ತೂತು ಕಾಗದದಲ್ಲಿರುತ್ತದೆ, ಪರದೆ ಖಾಲಿ ಇರುತ್ತದೆ.

ಇವುಗಳ ಜೊತೆಗೆ ಸಾಮಾನ್ಯ ಕಿರಿಕಿರಿಗಳು: ಸೆನ್ಸರ್‌ಗಳ ನಡುವಿನ ದೂರವನ್ನು ಟೇಪಿನಲ್ಲಿ ತಪ್ಪಾಗಿ ಅಳೆದದ್ದು, ಗಾಳಿಗೆ ಚೌಕಟ್ಟು ವಾಲಿದ್ದು, ಬ್ಯಾಟರಿ ಮುಗಿದದ್ದು, ಬಿಸಿಲಿಗೆ ಟ್ಯಾಬ್ಲೆಟ್ ಕಾದು ಆರಿಹೋದದ್ದು.

ಚುಕ್ಕೆಯ ಬೆನ್ನು ಹತ್ತಿದರೆ

ಈಗ ಮುಖ್ಯ ವಿಷಯ. ಬಹುದೂರದ ಶೂಟಿಂಗ್ ಎಂದರೆ ಗಾಳಿ ಓದುವ ವಿದ್ಯೆ. ಸಾವಿರ ಗಜ ದಾಟಲು .308 ಗುಂಡಿಗೆ ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟು ಹೊತ್ತು ಗಾಳಿ ಅದನ್ನು ತಳ್ಳುತ್ತಲೇ ಇರುತ್ತದೆ. ಗಂಟೆಗೆ ಒಂದೇ ಒಂದು ಮೈಲಿ ವೇಗದ ಅಡ್ಡಗಾಳಿಯನ್ನು ತಪ್ಪಾಗಿ ಓದಿದರೂ ಗುಂಡು ಒಂಬತ್ತು-ಹತ್ತು ಇಂಚು ಸರಿಯುತ್ತದೆ. ಕೆನಡಾದ ಜಾರ್ಜ್ ಫಾರ್ಕರ್ಸನ್ ಹೆಸರಿನ ಮೊದಲಕ್ಷರದಿಂದ ಬಂದ ಎಫ್-ಕ್ಲಾಸ್ ವಿಭಾಗದಲ್ಲಿ ರೈಫಲನ್ನು ಆಧಾರದ ಮೇಲಿಟ್ಟು ದೂರದರ್ಶಕದ ಮೂಲಕ ಹೊಡೆಯಲು ಅವಕಾಶವಿದೆ. ಅದಕ್ಕೆ ತಕ್ಕಂತೆ ಗುರಿಯೂ ಕಿರಿದು. ಅಮೆರಿಕದ ಸಾವಿರ ಗಜದ ಎಫ್-ಕ್ಲಾಸ್ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10 ಇಂಚು, ಅದರೊಳಗಿನ ಎಕ್ಸ್ ವೃತ್ತ 5 ಇಂಚು. ಒಂದು ಮೈಲಿಯ ತಪ್ಪು ಓದು ನಡುಮಧ್ಯದ ಹೊಡೆತವನ್ನು ಒಂಬತ್ತರ ವೃತ್ತದ ಅಂಚಿಗೆ ಒಯ್ಯುತ್ತದೆ.

ಶೂಟರ್‌ಗೆ ಸಾಕ್ಷಿಗಳು ಮೂರು: ದಾರಿಯುದ್ದಕ್ಕೂ ನೆಟ್ಟ ಬಾವುಟಗಳು, ಸ್ಕೋಪಿನಲ್ಲಿ ಕಾಣುವ ಬಿಸಿಲ್ಗುದುರೆಯ ಓಟ, ಮತ್ತು ಹಿಂದಿನ ಗುಂಡು ಬಿದ್ದ ಜಾಗ. ಪಿಟ್ಟಿನ ಕಾಲದಲ್ಲಿ ಮೂರನೆಯ ಸಾಕ್ಷಿ ನಿಧಾನವಾಗಿ ಬರುತ್ತಿತ್ತು. ಹಲಗೆ ಕೆಳಗಿಳಿದು ಮೇಲೇರುವವರೆಗೆ ಶೂಟರ್‌ಗೆ ಬೇರೆ ಕೆಲಸವಿಲ್ಲ. ಕಣ್ಣು ತಾನಾಗಿ ಬಾವುಟದ ಮೇಲೆ ಹೋಗುತ್ತಿತ್ತು. ಬ್ರಿಟನ್ನಿನ ಬಿಸ್ಲಿ ರೇಂಜಿನಲ್ಲಿ ಇಬ್ಬರು ಅಥವಾ ಮೂವರು ಒಂದೇ ಹಲಗೆಗೆ ಸರದಿಯಂತೆ ಹೊಡೆಯುವ ಪದ್ಧತಿ, ಪ್ರತಿ ಹೊಡೆತಕ್ಕೆ 45 ಸೆಕೆಂಡಿನ ಅವಧಿ. ತನ್ನ ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವೆ ಗಾಳಿ ಎರಡು ಸಲ ತಿರುಗಿರಬಹುದು. ಆದ್ದರಿಂದ ಹಿಂದಿನ ಚುಕ್ಕೆಯನ್ನು ನಂಬಿ ಕೂರುವಂತಿಲ್ಲ, ಗಾಳಿಯನ್ನು ಹೊಸದಾಗಿ ಓದಲೇಬೇಕು.

ಎಲೆಕ್ಟ್ರಾನಿಕ್ ಟಾರ್ಗೆಟ್ ಆ ನಡುವಿನ ಕಾಲವನ್ನು ತೆಗೆದುಹಾಕಿತು. ಚುಕ್ಕೆ ಮೂಡಿತು, ಎರಡಿಂಚು ಎಡಕ್ಕಿದೆ, ಎರಡಿಂಚು ಬಲಕ್ಕೆ ಹಿಡಿದು ಹೊಡೆ. ಇನ್ನೊಂದು ಚುಕ್ಕೆ, ಈಗ ಮೂರಿಂಚು ಬಲಕ್ಕಿದೆ, ಎಡಕ್ಕೆ ಹಿಡಿ. ಕಣ್ಣು ಬಾವುಟ ಬಿಟ್ಟು ಪರದೆಗೆ ಅಂಟುತ್ತದೆ. ಇದು ಕೆಟ್ಟ ಅಭ್ಯಾಸ ಎಂದು ಹಿರಿಯ ಶೂಟರ್‌ಗಳು ಅನುಭವದಿಂದ ಹೇಳುತ್ತಾರೆ; ಗಣಿತವೂ ಅವರ ಪರವಾಗಿದೆ.

ಗುಣಮಟ್ಟ ನಿಯಂತ್ರಣದ ತಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಒಂದು ಆಲಿಕೆಯ ಪ್ರಯೋಗವನ್ನು ತೋರಿಸುತ್ತಿದ್ದರು. ಮೇಜಿನ ಮೇಲೆ ಒಂದು ಗುರುತು, ಅದರ ಮೇಲಕ್ಕೆ ಆಲಿಕೆ, ಆಲಿಕೆಯಿಂದ ಗೋಲಿಗಳನ್ನು ಒಂದೊಂದಾಗಿ ಬೀಳಿಸಬೇಕು. ಆಲಿಕೆಯನ್ನು ಅಲುಗಿಸದೆ ಬಿಟ್ಟರೆ ಗೋಲಿಗಳು ಗುರುತಿನ ಸುತ್ತ ಒಂದಿಷ್ಟು ಹರಡುತ್ತವೆ. ಪ್ರತಿ ಗೋಲಿ ಬಿದ್ದ ಮೇಲೂ ಅದು ತಪ್ಪಿದಷ್ಟು ದೂರ ಆಲಿಕೆಯನ್ನು ವಿರುದ್ಧ ದಿಕ್ಕಿಗೆ ಸರಿಸುತ್ತ ಹೋದರೆ ಹರಡಿಕೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಗುರುತಿನಿಂದ ತಪ್ಪಿದ ದೂರಗಳ ವರ್ಗದ ಸರಾಸರಿ ಸರಿಯಾಗಿ ಎರಡು ಪಟ್ಟಾಗುತ್ತದೆ, ಅಂದರೆ ಹರಡಿಕೆಯ ಅಗಲ ಎರಡರ ವರ್ಗಮೂಲದಷ್ಟು, ಸುಮಾರು 1.41 ಪಟ್ಟಾಗುತ್ತದೆ. ಕಾರಣ ಸರಳ. ಹಿಂದಿನ ಗೋಲಿಯ ಆಕಸ್ಮಿಕ ತಪ್ಪನ್ನು ನಾವು ನಿಜವಾದ ಮಾಹಿತಿ ಎಂದು ತಿಳಿದು ಮುಂದಿನ ಗೋಲಿಯ ಆಕಸ್ಮಿಕ ತಪ್ಪಿಗೆ ಸೇರಿಸುತ್ತೇವೆ.

ರೈಫಲ್‌ಗೂ ಇದೇ ಅನ್ವಯ. ಗಾಳಿಯೇ ಇಲ್ಲದ ದಿನವೂ ಒಂದು ಒಳ್ಳೆಯ ರೈಫಲ್ ಸಾವಿರ ಗಜದಲ್ಲಿ ಐದಿಂಚಿನ ಗುಂಪು ಮಾಡುತ್ತದೆ, ಅಂದರೆ ಅದರ ತೂತುಗಳು ಐದಿಂಚಿನ ಅಗಲದೊಳಗೆ ಬೀಳುತ್ತವೆ ಎಂದುಕೊಳ್ಳೋಣ. ಆ ಗುಂಪಿನೊಳಗೆ ಎರಡಿಂಚು ಎಡಕ್ಕೆ ಬಿದ್ದ ಗುಂಡು ಏನನ್ನೂ ಹೇಳುತ್ತಿಲ್ಲ. ಅದು ಆ ರೈಫಲಿನ, ಆ ತೋಟಾದ ಸಹಜ ಹರಡಿಕೆ. ಪ್ರತಿ ಚುಕ್ಕೆಗೂ ಪೂರ್ತಿ ತಿದ್ದುತ್ತ ಹೋದವನ ಗುಂಪು ಶೇಕಡಾ 41ರಷ್ಟು ಹಿಗ್ಗುತ್ತದೆ. ಐದಿಂಚು ಏಳಿಂಚಾಗುತ್ತದೆ. ಇನ್ನು ಅದಕ್ಕೆ ಗಾಳಿಯ ಪಾಲು ಸೇರಿದರೆ ಹತ್ತಿಂಚಿನ ವೃತ್ತ ಉಳಿಯುವುದಿಲ್ಲ. ದುಬಾರಿ ಸಲಕರಣೆ ಕೊಂಡು, ಅದು ಕೊಡುವ ನಿಖರ ಮಾಹಿತಿಯಿಂದಲೇ ಹಿಂದಿಗಿಂತ ಕೆಟ್ಟ ಅಂಕ ಗಳಿಸುವ ದಾರಿ ಇದು.

ಹಾಗಾದರೆ ತಿದ್ದಲೇಬಾರದೆ? ತಿದ್ದಬೇಕು, ಗಾಳಿ ಬದಲಾಗಿದ್ದಕ್ಕೆ ಕಣ್ಣಿನ ಸಾಕ್ಷಿ ಇದ್ದಾಗ. ಬಾವುಟ ಇಳಿದಿದೆ, ಬಿಸಿಲ್ಗುದುರೆಯ ಓಟ ನಿಧಾನವಾಗಿದೆ, ಚುಕ್ಕೆಯೂ ಗಾಳಿ ಬರುವ ಕಡೆಗೇ ಸರಿದಿದೆ ಎಂದರೆ ಮೂರು ಸಾಕ್ಷಿಗಳೂ ಒಂದೇ ಮಾತು ಹೇಳುತ್ತಿವೆ. ಚುಕ್ಕೆ ಒಂದೇ ಹೇಳುತ್ತಿದ್ದರೆ ಕಾಯಬೇಕು. ನಾಲ್ಕು ಗುಂಡುಗಳ ಸರಾಸರಿಯ ಅನಿಶ್ಚಿತತೆ ಒಂದು ಗುಂಡಿನದಕ್ಕಿಂತ ಅರ್ಧದಷ್ಟು ಮಾತ್ರ. ಆ ಸರಾಸರಿ ಎಡಕ್ಕೆ ಸರಿದಿದ್ದರೆ ಅದನ್ನು ನಂಬಲು ಕಾರಣವಿದೆ.

ಪರದೆಯನ್ನು ತಿರುಗಿಸಿಡುವ ಅಭ್ಯಾಸ

ನನ್ನ ದೃಷ್ಟಿಯಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ಟಿನ ನಿಜವಾದ ಕೊಡುಗೆ ತಕ್ಷಣದ ಚುಕ್ಕೆಗಿಂತ ಅದು ಉಳಿಸಿಕೊಳ್ಳುವ ದಾಖಲೆ. ಕಾಗದದ ಹಲಗೆ ಇಪ್ಪತ್ತು ತೂತು ತೋರಿಸುತ್ತದೆ, ಯಾವುದು ಮೊದಲು ಯಾವುದು ನಂತರ ಎಂದು ಹೇಳುವುದಿಲ್ಲ. ಎಲೆಕ್ಟ್ರಾನಿಕ್ ದಾಖಲೆಯಲ್ಲಿ ಪ್ರತಿ ಗುಂಡಿನ ಕ್ರಮ, ಸಮಯ, ಅಡ್ಡ ಮತ್ತು ಲಂಬ ಸ್ಥಾನ, ಕೆಲವು ವ್ಯವಸ್ಥೆಗಳಲ್ಲಿ ಹಲಗೆ ತಲುಪಿದಾಗಿನ ವೇಗ, ಎಲ್ಲವೂ ಇರುತ್ತವೆ. ಸಂಜೆ ಮನೆಯಲ್ಲಿ ಕುಳಿತು ಅಡ್ಡ ಮತ್ತು ಲಂಬ ಸ್ಥಾನಗಳನ್ನು ಬೇರೆ ಬೇರೆ ನಕ್ಷೆಯಾಗಿ ಬರೆದುಕೊಂಡರೆ ಎರಡು ಬೇರೆ ಕತೆಗಳು ಕಾಣಿಸುತ್ತವೆ. ಅಡ್ಡದ ಕತೆ ಬಹುಪಾಲು ಗಾಳಿಯದು, ಅಂದರೆ ಶೂಟರಿನ ಓದಿನದು. ಲಂಬದ ಕತೆ ಬಹುಪಾಲು ತೋಟಾದ್ದು ಮತ್ತು ದೇಹದ ಭಂಗಿಯದ್ದು. ಸಾವಿರ ಗಜದಲ್ಲಿ ಹೊರಡುವ ವೇಗ ಸೆಕೆಂಡಿಗೆ ಹತ್ತು ಅಡಿ ಏರುಪೇರಾದರೆ ಗುಂಡು ಸುಮಾರು ಮೂರಿಂಚು ಮೇಲೆ ಕೆಳಗಾಗುತ್ತದೆ. ಮದ್ದನ್ನು ತಾವೇ ತೂಗಿ ತೋಟಾ ತುಂಬಿಕೊಳ್ಳುವವರಿಗೆ ಇದಕ್ಕಿಂತ ಉಪಯುಕ್ತ ಪರೀಕ್ಷಕ ಇನ್ನೊಂದಿಲ್ಲ. ನಿಧಾನವಾಗಿ ಬಂದ ಗುಂಡು ಕೆಳಗೆ ಬಿದ್ದಿದ್ದರೆ ತಪ್ಪು ತೋಟಾದ್ದು; ಸರಿಯಾದ ವೇಗದಲ್ಲಿ ಬಂದೂ ಕೆಳಗೆ ಬಿದ್ದಿದ್ದರೆ ತಪ್ಪು ಹುಡುಕಬೇಕಾದದ್ದು ಭುಜದಲ್ಲಿ, ಉಸಿರಿನಲ್ಲಿ, ಬೆರಳಿನಲ್ಲಿ.

ಇದನ್ನು ಅಭ್ಯಾಸಕ್ಕೆ ತರುವ ದಾರಿ ಶಿಸ್ತಿನದು. ಟ್ರಿಗರ್ ಎಳೆದ ಕ್ಷಣದಲ್ಲಿ ಕಣ್ಣು ಕಂಡದ್ದನ್ನು ಮೊದಲು ಹೇಳಬೇಕು ಅಥವಾ ಬರೆಯಬೇಕು: "ಸ್ವಲ್ಪ ಬಲಕ್ಕೆ, ಹತ್ತರ ಅಂಚು, ಗಾಳಿ ಐದು ಮೈಲಿ ಎಂದು ಹಿಡಿದೆ." ಆಮೇಲೆ ಪರದೆ ನೋಡಬೇಕು. ತಾನು ಹೇಳಿದ್ದಕ್ಕೂ ಟಾರ್ಗೆಟ್ ಹೇಳಿದ್ದಕ್ಕೂ ಇರುವ ಅಂತರವೇ ಕಲಿಕೆಯ ಸಾಮಗ್ರಿ. ಕೆಲವು ದಿನ ಐದು ಗುಂಡು ಮುಗಿಯುವವರೆಗೆ ಪರದೆಯನ್ನು ಆಚೆ ತಿರುಗಿಸಿಡಬೇಕು. ಬರೀ ಬಾವುಟ ನೋಡಿ ಹೊಡೆದ ಐದು ಗುಂಡುಗಳ ಗುಂಪು, ಪರದೆ ನೋಡುತ್ತ ಹೊಡೆದ ಐದರ ಗುಂಪಿಗಿಂತ ಎಷ್ಟು ದೊಡ್ಡದು ಎಂದು ಹೋಲಿಸಬೇಕು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಚುಕ್ಕೆಯನ್ನು ಬೇಕೆಂದೇ ತಡವಾಗಿ ತೋರಿಸುವ ಸೌಲಭ್ಯವಿದೆ. ಪಿಟ್ ಕಲಿಸುತ್ತಿದ್ದ ತಾಳ್ಮೆಯನ್ನು ಯಂತ್ರದಿಂದಲೇ ಮರಳಿ ಪಡೆಯುವ ಈ ಉಪಾಯವನ್ನು ಅಭ್ಯಾಸದ ದಿನಗಳಲ್ಲಿ ಬಳಸುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಒಂದು ವಿರೋಧದ ವಾದವನ್ನು ಗೌರವದಿಂದ ಕೇಳಬೇಕು. ಗಾಳಿ ಸ್ಥಿರವಾಗಿರುವ ಎರಡು ನಿಮಿಷ ಸಿಕ್ಕರೆ, ಆ ಎರಡೇ ನಿಮಿಷದಲ್ಲಿ ಸಾಧ್ಯವಾದಷ್ಟು ಗುಂಡು ಹೊಡೆದುಬಿಡುವುದೂ ಒಂದು ಕೌಶಲವೇ, ಎಲೆಕ್ಟ್ರಾನಿಕ್ ಟಾರ್ಗೆಟ್ ಅದಕ್ಕೆ ನೆರವಾಗುತ್ತದೆ ಎನ್ನುತ್ತಾರೆ. ನಿಜ. ಒಳ್ಳೆಯ ಗಾಳಿಯನ್ನು ಗುರುತಿಸಿ ಅದರೊಳಗೆ ಕೆಲಸ ಮುಗಿಸುವುದಕ್ಕೂ ಕಣ್ಣು ಬೇಕು. ಆದರೆ ಇದರಿಂದ ಪಂದ್ಯದ ಸ್ವಭಾವ ಬದಲಾಗುತ್ತದೆ: ಪಿಟ್ ಇರುವ ರೇಂಜಿನ ಅಂಕವನ್ನೂ ಮರುಕ್ಷಣ ಚುಕ್ಕೆ ಕೊಡುವ ರೇಂಜಿನ ಅಂಕವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಕಷ್ಟವಾಗುತ್ತದೆ. ಪಂದ್ಯಗಳಲ್ಲಿ ಎರಡು ಹೊಡೆತಗಳ ನಡುವೆ ಕನಿಷ್ಠ ವಿಳಂಬ ಇರಬೇಕೆಂಬ ವಾದಕ್ಕೆ ನಾನು ಒಲವು ತೋರುವುದು ಇದಕ್ಕೇ.

ಯಾರ ಮಾತು ಅಂತಿಮ?

ಕಾಗದದ ಹಲಗೆಯ ವಿಷಯದಲ್ಲಿ ತಕರಾರು ಬಂದರೆ ಹಲಗೆ ಇಳಿಸಿ ತೂತು ನೋಡಬಹುದಿತ್ತು. ಎಲೆಕ್ಟ್ರಾನಿಕ್ ಟಾರ್ಗೆಟ್ "ಗುಂಡು ಬರಲಿಲ್ಲ" ಎಂದರೆ? ಒಲಿಂಪಿಕ್ ಶೂಟಿಂಗ್ ನಡೆಸುವ ಐಎಸ್‌ಎಸ್‌ಎಫ್ ಇದಕ್ಕೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. ಅದರ ನಿಯಮದಂತೆ ಎಲೆಕ್ಟ್ರಾನಿಕ್ ಟಾರ್ಗೆಟ್ಟಿನ ನಿಖರತೆ ದಶಮಾಂಶ ಅಂಕದ ಒಂದು ವೃತ್ತದ ಅರ್ಧದಷ್ಟಾದರೂ ಇರಬೇಕು. ಜೊತೆಗೆ ಟಾರ್ಗೆಟ್ಟಿನ ಹಿಂದೆ ಕಾಗದದ ಹಾಳೆ ಇಟ್ಟು, ದೂರು ಬಂದಾಗ ಅದರ ತೂತುಗಳೊಂದಿಗೆ ತಾಳೆ ನೋಡುವ ವಿಧಾನವಿದೆ. ಬಹುದೂರದ ಕ್ಲಬ್ಬುಗಳಲ್ಲಿ ಅಗ್ಗದ ತೆರೆದ ಚೌಕಟ್ಟು ಹಾಕಿಕೊಂಡವರು ಈ ಎರಡನೆಯ ಭಾಗವನ್ನು ಸುಲಭವಾಗಿ ಮರೆಯುತ್ತಾರೆ. ಪಕ್ಕದ ಹಲಗೆಗೆ ಹೋದ ಗುಂಡಿನ ವಿಷಯವೂ ಹಾಗೆಯೇ: ಎರಡು ಹಲಗೆಗಳ ದಾಖಲೆ ಮತ್ತು ಸಮಯ ಹೋಲಿಸಿದರೆ, ಹೊಡೆಯುವ ಜಾಗದಲ್ಲೇ ಸದ್ದು ಹಿಡಿಯುವ ಸಾಧನವಿದ್ದರೆ, ಯಾರ ಗುಂಡು ಎಂದು ಹೇಳಬಹುದು. ಆದರೆ ಆ ಹೋಲಿಕೆಯನ್ನು ಯಾರಾದರೂ ಮಾಡಬೇಕು, ಮಾಡುವ ಹೊಣೆ ನಿಯಮದಲ್ಲಿ ಬರೆದಿರಬೇಕು.

ನಮ್ಮಲ್ಲಿ

ಭಾರತದ ಶೂಟರ್‌ಗಳಿಗೆ ಎಲೆಕ್ಟ್ರಾನಿಕ್ ಟಾರ್ಗೆಟ್ ಹೊಸತಲ್ಲ. ದೆಹಲಿಯ ಕರ್ಣಿ ಸಿಂಗ್ ರೇಂಜ್ ಸೇರಿದಂತೆ 10 ಮತ್ತು 50 ಮೀಟರಿನ ಅಂಗಳಗಳಲ್ಲಿ ನಮ್ಮ ಒಲಿಂಪಿಯನ್ನರು ಅದರ ಮೇಲೇ ಬೆಳೆದಿದ್ದಾರೆ. ಬಹುದೂರದ ಕತೆ ಬೇರೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಫುಲ್‌ಬೋರ್ (ದೊಡ್ಡ ಗುಂಡಿನ, ಬಹುದೂರದ ರೈಫಲ್) ಸ್ಪರ್ಧೆಗಳನ್ನು ಗುರುಗ್ರಾಮದ ಬಳಿಯ ಕಾದರಪುರದಲ್ಲಿ, ಸಿಆರ್‌ಪಿಎಫ್ ಆವರಣದಲ್ಲಿ ನಡೆಸಲಾಯಿತು. ಅಷ್ಟು ಉದ್ದದ ರೇಂಜುಗಳು ನಮ್ಮಲ್ಲಿ ಬಹುತೇಕ ಸೇನೆ ಮತ್ತು ಅರೆಸೇನಾ ಪಡೆಗಳ ಕೈಯಲ್ಲೇ ಇವೆ. .303 ಮತ್ತು 7.62 ಮಿಲಿಮೀಟರಿನಂಥ ಬೋರ್‌ಗಳು (ನಳಿಗೆಯ ಒಳ ಅಳತೆಗಳು) ಸಾಮಾನ್ಯ ನಾಗರಿಕರಿಗೆ ನಿಷೇಧಿತ. ಲೈಸೆನ್ಸ್ ವಿನಾಯಿತಿಯ ಪರಂಪರೆ ಇರುವ ಕೊಡಗಿನಲ್ಲೂ (ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು) ಗುಂಡು ಹೊಡೆಯುವ ಸ್ಪರ್ಧೆಯೆಂದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿ. ಅಲ್ಲಿ ಫಲಿತಾಂಶ ಎಲ್ಲರ ಕಣ್ಣೆದುರೇ ಒಡೆದು ಬೀಳುತ್ತದೆ.

ಆದರೂ ಈ ಚರ್ಚೆ ನಮಗೆ ದೂರದ್ದಲ್ಲ. ಐಎಸ್‌ಎಸ್‌ಎಫ್‌ನ 300 ಮೀಟರ್ ರೈಫಲ್ 1972ರ ನಂತರ ಒಲಿಂಪಿಕ್ಸ್‌ನಲ್ಲಿ ಇಲ್ಲದಿದ್ದರೂ ಅಂತರರಾಷ್ಟ್ರೀಯ ಮಟ್ಟದಲ್ಲಿ ಜೀವಂತವಾಗಿದೆ. ಅದರ ಹತ್ತು ಅಂಕದ ವೃತ್ತ 100 ಮಿಲಿಮೀಟರ್, ಗಾಳಿಯ ಆಟ ಅಲ್ಲಿಂದಲೇ ಶುರು. ಪಿಟ್ಟಿಗೆ ಆಳು ಹೊಂದಿಸಲಾಗದ ಕಾರಣಕ್ಕೆ ಉದ್ದದ ರೇಂಜನ್ನು ತೆರೆಯಲು ಹಿಂಜರಿಯುವ ಕಡೆಗಳಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ ಆ ಅಡ್ಡಿಯನ್ನು ನಿವಾರಿಸಬಲ್ಲದು. ಗುಂಡು ಹಾರುವಾಗ ಹಲಗೆಯ ಬಳಿ ಮನುಷ್ಯರೇ ಇರಬೇಕಿಲ್ಲ ಎಂಬ ಸುರಕ್ಷತೆಯ ಲಾಭವೂ ಸಣ್ಣದಲ್ಲ. ನಮ್ಮ ಉರಿಬಿಸಿಲಿಗೆ ಬೇಕಾದ ಎಚ್ಚರ ಮಾತ್ರ ಯುರೋಪಿನ ಕೈಪಿಡಿಯಲ್ಲಿ ಸಿಗುವುದಿಲ್ಲ. ಬೆಳಗಿನ ಎಂಟಕ್ಕೂ ಮಧ್ಯಾಹ್ನದ ಎರಡಕ್ಕೂ ಚೌಕಟ್ಟಿನ ಉಷ್ಣಾಂಶದಲ್ಲಿ ಹದಿನೈದು-ಇಪ್ಪತ್ತು ಡಿಗ್ರಿ ವ್ಯತ್ಯಾಸ ಬರುವ ಜಾಗದಲ್ಲಿ, ಹೊಸ ವ್ಯವಸ್ಥೆ ಹಾಕಿಸಿದವರು ಮೊದಲ ವಾರ ಮಾಡಬೇಕಾದ ಕೆಲಸ ಒಂದೇ: ಚೌಕಟ್ಟಿಗೆ ಹೊಸ ಕಾಗದ ಅಂಟಿಸಿ, ದಿನದ ಬೇರೆ ಬೇರೆ ಹೊತ್ತಿನಲ್ಲಿ ನಡುವಿಗೂ ನಾಲ್ಕು ಮೂಲೆಗಳಿಗೂ ಗುಂಡು ಹೊಡೆದು, ಪ್ರತಿ ತೂತಿನ ಸ್ಥಾನವನ್ನು ಅಳತೆಪಟ್ಟಿಯಲ್ಲಿ ಅಳೆದು ಪರದೆಯ ಅಂಕಿಯ ಪಕ್ಕ ಬರೆಯುವುದು, ಆ ಪಟ್ಟಿಯನ್ನು ಎಲ್ಲ ಶೂಟರ್‌ಗಳಿಗೂ ಕಾಣುವಂತೆ ರೇಂಜಿನ ಗೋಡೆಗೆ ಹಚ್ಚುವುದು.